ಜೈಲಿನಲ್ಲಿ ವಯಸ್ಸಾದವರ ಆರೋಗ್ಯ

ಜೈಲು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗಟ್ಟಿಮುಟ್ಟಾದ ಯುವಕರ ಚಿತ್ರ. ಆದರೆ ಅಲ್ಲಿ ಊರುಗೋಲು ಹಿಡಿದ ಅಜ್ಜ ಅಜ್ಜಿಯರೂ ಇರುತ್ತಾರೆ. ಜಮೀನಿನ ಜಗಳ, ಕೌಟುಂಬಿಕ ಪ್ರಕರಣಗಳಲ್ಲಿ ಬಂಧನ ಯಾವ ಮನೆಯ ಹಿರಿಯರಿಗಾದರೂ ಬರಬಹುದು. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ.

ಐವತ್ತಕ್ಕೇ ಮುಪ್ಪು

ಹೊರಗೆ ನಾವು 60 ದಾಟಿದವರನ್ನು ಹಿರಿಯರೆನ್ನುತ್ತೇವೆ. ಕೈದಿಗಳ ಆರೋಗ್ಯವನ್ನು ಅಧ್ಯಯನ ಮಾಡುವ ಅನೇಕ ತಜ್ಞರು 50 ಅಥವಾ 55ನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಬಡತನ, ಕುಡಿತ, ಬೀಡಿ, ಚಿಕಿತ್ಸೆ ಕಾಣದ ಹಳೆಯ ಕಾಯಿಲೆಗಳು ಮತ್ತು ಚಿಂತೆ ಸೇರಿ ದೇಹವನ್ನು ಬೇಗ ಸವೆಸುತ್ತವೆ.

ದಿನಚರಿಯೇ ಕಷ್ಟ

ನೆಲದ ಮೇಲೆ ಮಲಗಿ ಏಳುವುದು, ಕುಕ್ಕರುಗಾಲಿನ ಶೌಚಾಲಯ, ಊಟಕ್ಕೆ ಸಾಲು ನಿಲ್ಲುವುದು ಯುವಕರಿಗೆ ಬರಿಯ ಅನನುಕೂಲ. ಮಂಡಿ ಸವೆದವರಿಗೆ ನಿತ್ಯದ ಹಿಂಸೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡವರು ರಾತ್ರಿ ನಾಲ್ಕೈದು ಬಾರಿ ಏಳಬೇಕು. ಕತ್ತಲಲ್ಲಿ, ಮಲಗಿದವರನ್ನು ದಾಟಿ ಹೋಗುವಾಗ ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ.

ಇನ್ಸುಲಿನ್ ಚುಚ್ಚಿಸಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ಕವಿಯುತ್ತದೆ. ವಯಸ್ಸಾದ ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆ, ಬರಿಯ ಉಬ್ಬಸ, ಸುಸ್ತಿನಿಂದಲೂ ಬರಬಹುದು. ಸಂಜೆ ಬ್ಯಾರಕ್‌ಗೆ ಬೀಗ ಬಿದ್ದ ಮೇಲೆ ಇದನ್ನು ಗುರುತಿಸಿ ಕೂಗಬೇಕಾದವರು ಸಹಕೈದಿಗಳೇ. ಜನ ಕಿಕ್ಕಿರಿದ, ಗಾಳಿಯಾಡದ ಕೋಣೆಯಲ್ಲಿ ಕ್ಷಯ ಸುಲಭವಾಗಿ ಹರಡುತ್ತದೆ.

ಕೆಲವು ಕಾಯಿಲೆಗಳು ತಪ್ಪು ನಡತೆಯಂತೆ ತೋರುತ್ತವೆ. ಕಿವಿ ಮಂದವಾದವರು ಹಾಜರಿಗೆ ಉತ್ತರಿಸದಿದ್ದರೆ ಉದ್ಧಟತನವೆನಿಸುತ್ತದೆ. ಮರೆವಿನ ರೋಗದವರಿಗೆ ಹೇಳಿದ ನಿಯಮ ನೆನಪಿರುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ ಬಂಧಿತರಾದ 83 ವರ್ಷದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರಿಗೆ ಪಾರ್ಕಿನ್ಸನ್ ಕಾಯಿಲೆಯಿತ್ತು. ಕೈ ನಡುಕದಿಂದ ಲೋಟ ಹಿಡಿಯಲಾಗದೆ, ಸ್ಟ್ರಾ ಮತ್ತು ಹೀರಿ ಕುಡಿಯುವ ಲೋಟಕ್ಕಾಗಿ ಅವರು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಬಂಧನದಲ್ಲಿರುವಾಗಲೇ ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು. ಎಷ್ಟು ಸಣ್ಣ ವಸ್ತುವೂ ವೃದ್ಧರಿಗೆ ಎಷ್ಟು ಮುಖ್ಯ ಎಂಬುದಕ್ಕೆ ಇದೊಂದು ಉದಾಹರಣೆ.

ಮನೆಯವರು ಏನು ಮಾಡಬೇಕು?

1. ಮೊದಲ ದಿನವೇ ಔಷಧ ಚೀಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡುಗಳ ಜೆರಾಕ್ಸ್ ಪ್ರತಿಗಳನ್ನು ಜೈಲಿನ ವೈದ್ಯರಿಗೆ ತಲುಪಿಸಿ. ಮಾತ್ರೆಯ ಹೆಸರು, ಪ್ರಮಾಣ, ವೇಳೆ ಸ್ಪಷ್ಟವಾಗಿರಲಿ. ರಕ್ತದೊತ್ತಡ, ಮೂರ್ಛೆರೋಗ, ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳು ಥಟ್ಟನೆ ನಿಲ್ಲುವುದು ಅಪಾಯಕರ.

2. ಕುಡಿತದ ಚಟವಿದ್ದರೆ ಮುಚ್ಚಿಡಬೇಡಿ. ಕುಡಿತ ಒಮ್ಮೆಲೇ ನಿಂತಾಗ ಮೊದಲ ಮೂರು ನಾಲ್ಕು ದಿನಗಳಲ್ಲಿ ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು.

3. ಕನ್ನಡಕ, ಶ್ರವಣಯಂತ್ರ, ಹಲ್ಲಿನ ಸೆಟ್, ಊರುಗೋಲುಗಳನ್ನು ಅನುಮತಿ ಪಡೆದು ಕೊಡಿ.

4. ಭೇಟಿಯಲ್ಲಿ ಕೇಸಿನ ಮಾತಿಗೆ ಮೊದಲು ಊಟ, ನಿದ್ದೆ, ಮಲಮೂತ್ರ, ಮಾತ್ರೆಗಳ ಬಗ್ಗೆ ಕೇಳಿ. ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ, ಕಾಲುಬಾವು, ಮಾತಿನಲ್ಲಿ ಗೊಂದಲ ಕಂಡರೆ ಜೈಲು ಅಧೀಕ್ಷಕರಿಗೆ ಲಿಖಿತ ಮನವಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಎದೆನೋವು, ಉಬ್ಬಸ, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಕಾಯದೆ ಅಲ್ಲಿಯೇ ಸಿಬ್ಬಂದಿಗೆ ತಿಳಿಸಿ.

5. ವಕೀಲರ ಮೂಲಕ ಕಾಯಿಲೆಯನ್ನು ನ್ಯಾಯಾಲಯದ ಗಮನಕ್ಕೆ ತನ್ನಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಮಿನಲ್ಲಿ ಕಾಯಿಲೆಯವರಿಗೆ, ಅಶಕ್ತರಿಗೆ ಜಾಮೀನು ನೀಡುವ ಅವಕಾಶವಿದೆ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು ಹಕ್ಕು. ಅದಕ್ಕೆ 15100ಕ್ಕೆ ಕರೆ ಮಾಡಬಹುದು.

ಇದು ದಯೆಯ ಮಾತಲ್ಲ

ಬೆಂಗಳೂರಿನ ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿದ ಸುಪ್ರೀಂ ಕೋರ್ಟ್, 1996ರಲ್ಲಿ ಜೈಲುಗಳ ಒಂಬತ್ತು ಮುಖ್ಯ ಸಮಸ್ಯೆಗಳನ್ನು ಗುರುತಿಸಿತು. ಆರೋಗ್ಯ ಮತ್ತು ನೈರ್ಮಲ್ಯದ ನಿರ್ಲಕ್ಷ್ಯ ಅವುಗಳಲ್ಲೊಂದು. ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಸಿಗಬೇಕೆಂದು 2015ರ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ನ್ಯಾಯಾಲಯ ಕಸಿದುಕೊಳ್ಳುವುದು ಸ್ವಾತಂತ್ರ್ಯವನ್ನು ಮಾತ್ರ. ರಕ್ತದೊತ್ತಡದ ಮಾತ್ರೆಯನ್ನಲ್ಲ.