ಕೌದಿ ಉಡುಗೊರೆ ಕೊಡ್ತಿದ್ದೀರಾ? ತೊಳೆದು ಕೊಡೋದು ಒಳ್ಳೇದು, ಯಾಕೆ ಅಂದ್ರೆ...

ಮಲ್ಲೇಶ್ವರ: ಕಾಡು ಮಲ್ಲೇಶ್ವರ ದೇವಸ್ಥಾನದ ಕಡಲೆಕಾಯಿ ಪರಿಷೆ ಮುಗಿಯೋ ಹೊತ್ತಿಗೆ ಬೆಂಗಳೂರಿನ ಚಳಿ ಶುರು. ಬೀರುವಿನಲ್ಲಿರೋ ಹಳೇ ಸೀರೆಗಳ ಜೊತೆಗೆ ಸಂಪಿಗೆ ರಸ್ತೆ, ಎಂಟನೇ ಕ್ರಾಸ್‌ನಲ್ಲಿ ಒಂದಿಷ್ಟು ಲೈನಿಂಗ್ ಬಟ್ಟೆ, ಕಟ್‌ಪೀಸ್, ದಪ್ಪ ದಾರ ತಂದರೆ ಮನೆಯಲ್ಲೇ ಒಂದು ಕೌದಿ ಆಗುತ್ತೆ. ಮಗಳ ಬಾಣಂತನಕ್ಕೋ, ಮೊಮ್ಮಗುವಿನ ನಾಮಕರಣಕ್ಕೋ ಕೊಡಬೇಕು ಅಂತ ತಿಂಗಳುಗಟ್ಟಲೆ ಕೂತು ಹೊಲಿದ ಮೇಲೆ ಒಂದು ಪ್ರಶ್ನೆ ಬರುತ್ತೆ: ನೀರಿಗೆ ಹಾಕಿ ಕೊಡಬೇಕಾ, ಇಲ್ಲಾ ಹೊಸದಾಗಿರುವಾಗಲೇ ಕೊಡಬೇಕಾ?

ನೇರ ಉತ್ತರ: ತೊಳೆಯೋಕೆ ಆಗೋ ಬಟ್ಟೆಯಾದರೆ ತೊಳೆದೇ ಕೊಡಿ. ಬಣ್ಣ ಹರಿಯೋದು, ಬಟ್ಟೆ ಕುಗ್ಗೋದು, ಹೊಲಿಗೆ ಬಿಚ್ಚೋದು ಎಲ್ಲಾ ಆಗೋದು ಮೊದಲ ತೊಳೆತದಲ್ಲೇ. ಅದು ಹೊಲಿದವರ ಕಣ್ಣೆದುರು ಆದರೆ ಸರಿ ಮಾಡಬಹುದು. ಪಡೆದವರ ಮನೆಯಲ್ಲಿ ಆದರೆ ಅವರಿಗೆ ಮುಜುಗರ, ಕೌದಿ ಸೀದಾ ಅಟ್ಟ ಸೇರುತ್ತೆ.

ಹಳೇ ಸೀರೆ ಬೇರೆ, ಹೊಸ ಬಟ್ಟೆ ಬೇರೆ

ಉತ್ತರ ಕರ್ನಾಟಕದ ಕೌದಿಯಾಗಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯೋ ಕವಂದಿಯಾಗಲಿ, ಅದಕ್ಕೆ ಬಳಸೋದು ಹೆಚ್ಚಾಗಿ ಉಟ್ಟು, ಒಗೆದು ಹಳೆಯದಾದ ಬಟ್ಟೆ. ನೂರು ಸಲ ಒಗೆದ ಸೀರೆ ಕುಗ್ಗಬೇಕಾದಷ್ಟು ಕುಗ್ಗಿ, ಬಿಡಬೇಕಾದ ಬಣ್ಣ ಬಿಟ್ಟಾಗಿದೆ. ತೊಂದರೆ ಬರೋದು ಅದಕ್ಕೆ ಅಂಗಡಿಯಿಂದ ತಂದ ಹೊಸ ಅಂಚು, ಹೊಸ ಅಡಿಬಟ್ಟೆ ಸೇರಿಸಿದಾಗ. ಹೊಸ ಹತ್ತಿ ಬಟ್ಟೆ ಮೊದಲ ಸಲ ಒಗೆದಾಗ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗಬಹುದು. ಹಳೇದು ಹಾಗೇ ಉಳಿದು ಹೊಸದು ಮಾತ್ರ ಎಳೆದುಕೊಂಡರೆ ಕೌದಿ ಸುಕ್ಕುಗಟ್ಟುತ್ತೆ. ಹಾಗಾಗಿ ಹೊಸ ಬಟ್ಟೆಯನ್ನು ಕತ್ತರಿಸೋ ಮುಂಚೆಯೇ ಒಮ್ಮೆ ನೆನೆಸಿ ಒಣಗಿಸಿಕೊಂಡರೆ ಅರ್ಧ ಕೆಲಸ ಮುಗೀತು.

ಬಣ್ಣ ಬಿಡುತ್ತಾ ನೋಡಿ

ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಕೆಂಪು, ಕಡುನೀಲಿ, ಕಪ್ಪು ತುಂಡುಗಳ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಎಚ್ಚರ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತೆ ಅನ್ನೋ ಮಾತು ನಂಬಬೇಡಿ. ಅಂಗಡಿ ಬಟ್ಟೆಯ ಬಣ್ಣಕ್ಕೆ ಅದು ಭರವಸೆಯ ಉಪಾಯ ಅಲ್ಲ. ತೊಳೆಯುವಾಗ ಬಣ್ಣ ಹರಿದು ಪಕ್ಕದ ತುಂಡಿಗೆ ಹತ್ತಿದರೆ ಒಣಗೋಕೆ ಬಿಡದೆ, ಒದ್ದೆ ಇರುವಾಗಲೇ ತುಂಬಾ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ. ಒಣಗಿದ ಮೇಲೆ ಆ ಕಲೆ ತೆಗೆಯೋದು ಕಷ್ಟ.

ತೊಳೆಯೋದು, ಒಣಗಿಸೋದು

ಮೊದಲು ಕೈಯಾಡಿಸಿ, ಒಳಗೆ ಸೂಜಿ, ಗುಂಡುಪಿನ್ನು ಉಳಿದಿದೆಯಾ ನೋಡಿ. ಒಂದು ಅಯಸ್ಕಾಂತ ಓಡಿಸಿದರೆ ಇನ್ನೂ ಒಳ್ಳೇದು. ತಣ್ಣೀರು, ಸ್ವಲ್ಪವೇ ಲಿಕ್ವಿಡ್ ಸೋಪು ಸಾಕು. ಬೋರ್‌ವೆಲ್ ನೀರಾದರೆ ನೊರೆ ಬರಲಿಲ್ಲ ಅಂತ ಸೋಪು ಹೆಚ್ಚಿಸಬೇಡಿ, ಅದು ಪದರಗಳ ನಡುವೆ ಕೂತುಬಿಡುತ್ತೆ. ಕಲ್ಲಿಗೆ ಬಡಿಯೋದು, ಬ್ರಷ್ ಹಾಕೋದು ಬೇಡ. 6–7 ಕೆಜಿ ಮೆಷಿನ್‌ಗೆ ದೊಡ್ಡ ಕೌದಿ ತುರುಕಿದರೆ ತಿರುಗೋಕೆ ಜಾಗ ಇರಲ್ಲ. ಬಕೆಟ್ಟೋ ಟಬ್ಬೋ ವಾಸಿ.

ನಿಜವಾದ ಪರೀಕ್ಷೆ ಒಣಗಿಸೋದರಲ್ಲಿದೆ. ಒದ್ದೆ ಕೌದಿ ಬಲು ಭಾರ. ಒಂದೇ ಹಗ್ಗಕ್ಕೆ ತುದಿ ಸಿಕ್ಕಿಸಿದರೆ ಆ ಭಾರವೆಲ್ಲ ಕೈಹೊಲಿಗೆ ಮೇಲೆ ಬಿದ್ದು ದಾರ ಕಿತ್ತುಬರುತ್ತೆ. ಎರಡು ಮೂರು ಹಗ್ಗದ ಮೇಲೆ ಅಗಲವಾಗಿ ಹರಡಿ, ಇಲ್ಲಾ ಟೆರೇಸಿನಲ್ಲಿ ಚಾಪೆ ಮೇಲೆ ಹಾಸಿ. ಬಣ್ಣದ ಕಡೆ ಕೆಳಗಿರಲಿ. ಮೇಲೆ ಒಣಗಿದಂತೆ ಕಂಡರೂ ನಡುವಿನ ಪದರ ತೇವ ಇರುತ್ತೆ. ಹಾಗೇ ಮಡಿಸಿ ಪ್ಯಾಕ್ ಮಾಡಿದರೆ ಮುಗ್ಗಲು ವಾಸನೆ, ಬೂಸ್ಟು. ಮಳೆಗಾಲದಲ್ಲಿ ಎರಡು ದಿನದ ಬಿಸಿಲು ಸಿಗೋ ತನಕ ತೊಳೆಯೋದನ್ನೇ ಮುಂದೂಡಿ.

ಕೂಸಿಗಾದರೆ ಇನ್ನೊಂದು ಎಚ್ಚರಿಕೆ

ಬೀರುವಿನಲ್ಲಿ ನ್ಯಾಫ್ತಲೀನ್ ನುಸಿಗುಳಿಗೆ ಜೊತೆ ಇಟ್ಟಿದ್ದ ಸೀರೆಯಿಂದ ಹೊಲಿದಿದ್ದರೆ, ಅಥವಾ ಕೌದಿಯನ್ನೇ ಹಾಗೆ ಇಟ್ಟಿದ್ದರೆ, ಇದು ಸಣ್ಣ ವಿಷಯ ಅಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರೋ ಕೂಸುಗಳಲ್ಲಿ ನ್ಯಾಫ್ತಲೀನ್ ಆವಿಯಿಂದ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಕೊರತೆ ಇದೆ ಅಂತ ಎಷ್ಟೋ ಮನೆಯವರಿಗೆ ಮೊದಲೇ ಗೊತ್ತಿರಲ್ಲ. ತೊಳೆದು, ಬಿಸಿಲು ಗಾಳಿಗೆ ಹಾಕಿದ ಮೇಲೂ ಗುಳಿಗೆ ವಾಸನೆ ಮೂಗಿಗೆ ಬಡಿದರೆ ಆ ಕೌದಿ ಕೂಸಿಗೆ ಬೇಡವೇ ಬೇಡ. ವರ್ಷ ತುಂಬದ ಮಗು ಮಲಗಿರುವಾಗ ದಪ್ಪ ಹೊದಿಕೆ ಹೊದಿಸೋದೂ ಬೇಡ ಅಂತಾರೆ ಮಕ್ಕಳ ವೈದ್ಯರು. ಉಸಿರು ಕಟ್ಟೋ ಅಪಾಯ ಇದೆ.

"ನೀರು ಬಿದ್ದರೆ ಹೊಸದು ಹೇಗಾಗುತ್ತೆ?"

ಹಿರಿಯರು ಹೀಗೆ ಕೇಳೋದುಂಟು. ಶುಭಕಾರ್ಯಕ್ಕೆ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ಕೊಡೋದು ನಮ್ಮ ರೂಢಿ. ಆದರೆ ಹುಟ್ಟಿದ ಕೂಸಿಗೆ ಮೊದಲು ಒಗೆದು ಮೆತ್ತಗಾದ ಹಳೇ ಬಟ್ಟೆ ಹಾಕೋದೂ ನಮ್ಮ ಮನೆಗಳ ರೂಢಿಯೇ. ಕೌದಿ ಈ ಎರಡನೇ ಸಾಲಿಗೆ ಸೇರಿದ್ದು. ಒಮ್ಮೆ ನೀರು ಕಂಡರೆ ಅದು ಇನ್ನಷ್ಟು ಮೆತ್ತಗಾಗಿ, ಹೊಲಿಗೆಗಳು ಎದ್ದು ಕಾಣುತ್ತವೆ. ಒಣಗಿದ ಮೇಲೆ ಕುಂಕುಮ ಹಚ್ಚಿ ಕೊಟ್ಟರಾಯಿತು.

ತೊಳೀಬಾರದ್ದೂ ಇದೆ

ಜರಿ ಅಂಚು, ರೇಷ್ಮೆ ತುಂಡು ಇದ್ದರೆ ಬಕೆಟ್ಟಿಗೆ ಹಾಕಬೇಡಿ. ಸಾಂಪ್ರದಾಯಿಕ ಇಳಕಲ್ ಸೀರೆಯ ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು ಅನ್ನೋದು ನೆನಪಿರಲಿ. ಇಂಥದ್ದನ್ನು ನೆರಳಲ್ಲಿ ಗಾಳಿಗೆ ಹಾಕಿ, ಕೊಡವಿ ಕೊಡಿ, ಇಲ್ಲಾ ಡ್ರೈಕ್ಲೀನ್. ಅಜ್ಜಿ ಕಾಲದ ಜೀರ್ಣವಾದ ಕೌದಿಯೂ ನೀರು ತಡೆಯಲ್ಲ.

ಕೊನೆಗೆ, ಮಡಿಕೆಯೊಳಗೆ ಒಂದು ಚೀಟಿ ಇಡಿ: ಯಾವ ಬಟ್ಟೆ, ಒಮ್ಮೆ ತೊಳೆದಿದೆಯೋ ಇಲ್ಲವೋ, ಮುಂದೆ ಹೇಗೆ ತೊಳೀಬೇಕು. ಹಾಳಾದೀತು ಅನ್ನೋ ಭಯ ಇಲ್ಲದಿದ್ದರೆ ಪಡೆದವರು ಅದನ್ನು ದಿನಾ ಹೊದೀತಾರೆ.