ಭಾನುವಾರಗಳ ಲೆಕ್ಕ

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದನ್ನು ಕಳೆಯಿರಿ: ೧೪೭೫೭೩೯೫೨೫೮೯೬೭೬೪೧೨೯೨೭. ಇದು ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯೆಂದು ೧೬೪೪ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಬರೆದಿಟ್ಟರು. ಅಲ್ಲವೆಂದು ೧೮೭೬ರಲ್ಲಿ ಲ್ಯೂಕಾ ಸಾಧಿಸಿದರು. ಆದರೆ ಯಾವುದರಿಂದ ಭಾಗವಾಗುತ್ತದೆಂಬುದು ಅವರ ರೀತಿಯಿಂದ ತಿಳಿಯದು. ಮನೆಗೆ ಕಳ್ಳ ಬಂದದ್ದು ಖಚಿತ, ಕಳ್ಳ ಯಾರೋ ಗೊತ್ತಿಲ್ಲ!

೧೯೦೩ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತಜ್ಞರ ಸಭೆಯಲ್ಲಿ ಪ್ರೊಫೆಸರ್ ಕೋಲ್ ಎದ್ದುನಿಂತರು. ಬಾಯಿಬಿಡದೆ ಕರಿಹಲಗೆಯ ಮೇಲೆ ೧೯೩೭೦೭೭೨೧ನ್ನು ೭೬೧೮೩೮೨೫೭೨೮೭ರಿಂದ ಗುಣಿಸಿದರು. ಬಂದದ್ದು ಅದೇ ಸಂಖ್ಯೆ! ಸುಮ್ಮನೆ ಹೋಗಿ ಕುಳಿತರಂತೆ; ಸಭೆಯೆಲ್ಲ ಚಪ್ಪಾಳೆ.

ಎಷ್ಟು ದಿನ ಹಿಡಿಯಿತೆಂದು ಮುಂದೊಮ್ಮೆ ಕೇಳಿದಾಗ, ಮೂರು ವರ್ಷದ ಭಾನುವಾರಗಳೆಂದರಂತೆ. ಭಾನುವಾರದ ಬೆಲೆ ನಮ್ಮಂಥ ಗುಮಾಸ್ತರಿಗೆ ಗೊತ್ತು. ತಾಳೆ ನೋಡಲು ಮಾತ್ರ ಅಷ್ಟು ಬೇಡ. ಮಕ್ಕಳ ಕೈಗೆ ಒಂದು ಹಾಳೆ, ಪೆನ್ಸಿಲು ಕೊಡಿ. ಊಟದ ಹೊತ್ತಿಗೆ ಮುಗಿಸುತ್ತಾರೆ.