ಮೆಜೆಸ್ಟಿಕ್‌ನಲ್ಲಿ ತಪ್ಪಿಹೋದ ಬೊಗ್ಗ

ತೋಟ ಇರುವವನಿಗೆ ನೆಂಟರ ಮನೆಗೆ ಹೋಗುವುದು ಸುಲಭದ ಮಾತಲ್ಲ. ದನಕ್ಕೆ ಯಾರು, ಹಾಲು ಕರೆಯಲು ಯಾರು, ಅಂಗಳದಲ್ಲಿ ಹರಗಿದ ಅಡಿಕೆಗೆ ಮಳೆ ಬಂದರೆ ಯಾರು? ಇವಕ್ಕೆಲ್ಲ ನೆರೆಮನೆಯವರು ಒಪ್ಪಿದರು. ನಾಯಿಗಳಿಗೆ ಮಾತ್ರ ಜನ ಸಿಗಲಿಲ್ಲ.

ನಮ್ಮಲ್ಲಿ ಎರಡು ನಾಯಿ. ಹನ್ನೊಂದು ವರ್ಷದ ಬೊಗ್ಗ, ಒಂದು ವರ್ಷದ ಕಾಳು. ಹಿಂದೊಮ್ಮೆ ಮದುವೆಗೆಂದು ಎರಡು ದಿನ ಹೋಗಿದ್ದಾಗ ಬೊಗ್ಗನನ್ನು ಸರಪಳಿಯಲ್ಲಿ ಕಟ್ಟಿ ಹೋಗಿದ್ದೆವು. ಬಂದು ನೋಡಿದರೆ ಹಾಕಿದ ಅನ್ನ ಹಾಗೆಯೇ ಇತ್ತು, ಕುತ್ತಿಗೆಯ ಚರ್ಮ ಸುಲಿದಿತ್ತು. ಈಗಂತೂ ಗುಡ್ಡದಲ್ಲಿ ಚಿರತೆಯ ಓಡಾಟ. ಕಟ್ಟಿ ಹಾಕಿದ ನಾಯಿ ಎಂದರೆ ಚಿರತೆಗೆ ಎಲೆ ಹಾಕಿ ಬಡಿಸಿದ ಹಾಗೆ.

ಇನ್ನೊಂದು ಕಾರಣವೂ ಇತ್ತು. ಬೊಗ್ಗ ಅಮ್ಮನ ನಾಯಿ. ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅಮ್ಮ ಎಂಟು ತಿಂಗಳಿಂದ ಚಾಮರಾಜಪೇಟೆಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಫೋನಿನಲ್ಲಿ ಮೊದಲ ಪ್ರಶ್ನೆ ನನ್ನ ಬಗ್ಗೆ ಅಲ್ಲ, "ಬೊಗ್ಗ ಉಣ್ಣುತ್ತಾನಾ?" ಎಂದು. ಎರಡನೆಯದು ಮೊಮ್ಮಗಳ ಬಗ್ಗೆ. ಮಗಳಿಗೆ ಎರಡು ವರ್ಷ ಮೂರು ತಿಂಗಳು. ಅಜ್ಜಿಯ ಮುಖ ಅವಳಿಗೆ ಮರೆತೇ ಹೋಗಿತ್ತು.

ಹಾಗಾಗಿ ಕಳೆದ ಕಾರ್ತಿಕದಲ್ಲಿ ಎಲ್ಲರೂ ಹೊರಡುವುದೆಂದು ತೀರ್ಮಾನವಾಯಿತು. ಕಬಕ ಪುತ್ತೂರಿನಿಂದ ರೈಲಿದೆಯಲ್ಲ ಎಂದಿರಾ? ನೋಡಿದೆ. ನಾಯಿಯನ್ನು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹಾಕಬೇಕು, ಇಲ್ಲವೇ ಫಸ್ಟ್ ಕ್ಲಾಸ್ ಎಸಿಯ ಕೋಣೆಯನ್ನೇ ಹಿಡಿಯಬೇಕು. ಮೊದಲನೆಯದು ಮುದಿ ನಾಯಿಗೆ ಆಗದು, ಎರಡನೆಯದು ನನ್ನ ಕಿಸೆಗೆ ಆಗದು. ಉಳಿದದ್ದು ನಮ್ಮ ಹಳೆಯ ಓಮ್ನಿ.

ತಯಾರಿ

ಒಂದು ತಿಂಗಳ ಮೊದಲೇ ಎರಡಕ್ಕೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದೆ. ಇದನ್ನು ಹೊರಡುವ ಮುನ್ನಾ ದಿನ ಮಾಡಿದರೆ ಉಪಯೋಗವಿಲ್ಲ. ಮೊದಲ ಸಲ ಲಸಿಕೆ ಪಡೆದ ನಾಯಿಯ ಮೈಯಲ್ಲಿ ರಕ್ಷಣೆ ಹುಟ್ಟಲು ಮೂರ್ನಾಲ್ಕು ವಾರ ಬೇಕು. ಕಾಳುವಿಗೆ ಅದು ಮೊದಲನೆಯದಾಗಿತ್ತು. ಉಣುಗು ಹೆಕ್ಕಿ, ಮೀಯಿಸಿ ಆಯಿತು.

ಹಿಂದಿನ ಸೀಟು ಬಿಚ್ಚಿ ತೆಗೆದು ನಾಲ್ಕು ಗೋಣಿಚೀಲ ಹಾಸಿದೆ. ನಡುವಿನ ಸೀಟಿನಲ್ಲಿ ಮಗಳು ಮತ್ತು ಹೆಂಡತಿ. ಗೆಳೆಯರೊಬ್ಬರಿಂದ ಮಗುವಿನ ಸೀಟು ಕಡ ತಂದು ಬೆಲ್ಟಿನಲ್ಲಿ ಬಿಗಿದಿದ್ದೆ. ಮಗುವನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ಬ್ರೇಕ್ ಒತ್ತಿದಾಗ ಎಷ್ಟು ಗಟ್ಟಿಯಾಗಿ ಹಿಡಿದರೂ ಮಗು ಕೈಯಲ್ಲಿ ನಿಲ್ಲದು.

ಮಗುವಿಗೆ ರಾಗಿ ಮಣ್ಣಿ, ಕದಳಿ ಬಾಳೆಹಣ್ಣು, ಕಾಯಿಸಿ ಆರಿಸಿದ ನೀರು. ನಾಯಿಗಳಿಗೆ ಹಿಂದಿನ ರಾತ್ರಿ ಎಂಟಕ್ಕೆ ಮಜ್ಜಿಗೆ ಅನ್ನ, ಬೆಳಗ್ಗೆ ಬರೀ ನೀರು. ಇಷ್ಟು ಮಾಡಿದರೂ ಶಿರಾಡಿ ಘಾಟಿಯ ತಿರುವಿನಲ್ಲಿ ಮೊದಲು ಕಾಳು, ಅವನನ್ನು ನೋಡಿ ಮಗಳು ವಾಂತಿ ಮಾಡಿದರು. ಬೊಗ್ಗ ಗಂಭೀರವಾಗಿ ಕಿಟಕಿಯ ಹೊರಗೆ ನೋಡುತ್ತಿದ್ದ.

ಬೆಳಗ್ಗೆ ನಾಲ್ಕೂವರೆಗೆ ಹೊರಟದ್ದು. ಮುನ್ನೂರು ಕಿಲೋಮೀಟರಿಗೆ ಚೂರು ಮೇಲೆ. ಸಕಲೇಶಪುರ, ಹಾಸನ, ಚನ್ನರಾಯಪಟ್ಟಣ ಎಂದು ಎರಡು ಗಂಟೆಗೊಮ್ಮೆ ಮರದ ನೆರಳು ನೋಡಿ ನಿಲ್ಲಿಸಿದೆವು.

ಕುಣಿಗಲ್ ದಾಟಿದ ಮೇಲೆ ಮೊದಲ ತಪ್ಪು. ಹೋಟೆಲೊಂದರ ಮುಂದೆ ಗಾಡಿ ನಿಲ್ಲಿಸಿ, ಗಾಜು ಎರಡು ಬೆರಳು ಇಳಿಸಿ, ತಿಂಡಿಗೆ ಕೂತೆವು. ಹದಿನೈದು ನಿಮಿಷ ಆಗಿರಬಹುದು. ಬಂದು ನೋಡಿದರೆ ಬೊಗ್ಗ ನಾಲಿಗೆ ಪೂರ್ತಿ ಹೊರಹಾಕಿ ಏದುತ್ತಿದ್ದಾನೆ, ಜೊಲ್ಲು ನೂಲಿನಂತೆ ಇಳಿಯುತ್ತಿದೆ. ಅಂಥ ಬಿಸಿಲೇನೂ ಇರಲಿಲ್ಲ. ಆದರೆ ಮುಚ್ಚಿದ ಗಾಡಿಯೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಸೆಕೆ ಏರುತ್ತದಂತೆ, ಗಾಜು ಸ್ವಲ್ಪ ಇಳಿಸಿದರೂ ವ್ಯತ್ಯಾಸವಿಲ್ಲವಂತೆ. ನಾಯಿ ನಮ್ಮ ಹಾಗೆ ಮೈ ಬೆವರುವುದಿಲ್ಲ, ಏದಿಯೇ ತಂಪಾಗಬೇಕು. ನೆರಳಿಗೆ ಎಳೆದು, ಹೊಟ್ಟೆಗೂ ಪಾದಗಳಿಗೂ ನೀರು ಹೊಯ್ದು, ಗೋಣಿ ಒದ್ದೆ ಮಾಡಿ ಮಲಗಿಸಿದೆ. ಅರ್ಧ ಗಂಟೆಯಲ್ಲಿ ಸುಧಾರಿಸಿದ. ಅವನ ಜಾಗದಲ್ಲಿ ನಿದ್ದೆ ಹೋದ ಮಗುವನ್ನು ಬಿಟ್ಟು ಹೋಗಿದ್ದರೆ?

ಮೆಜೆಸ್ಟಿಕ್

ಚಾಮರಾಜಪೇಟೆಯ ರಸ್ತೆಗಳು ನನಗೆ ತಲೆಗೆ ಹತ್ತುವುದಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವ ಹೆಂಡತಿಯ ತಮ್ಮನನ್ನು ಮೆಜೆಸ್ಟಿಕ್‌ನಲ್ಲಿ ಹತ್ತಿಸಿಕೊಂಡರೆ ಅವನೇ ದಾರಿ ತೋರಿಸುತ್ತಾನೆ ಎಂದು ಮಾತಾಗಿತ್ತು. ಯಶವಂತಪುರ, ಮಲ್ಲೇಶ್ವರ ಎಂದು ತೆವಳಿಕೊಂಡು ರೈಲು ನಿಲ್ದಾಣದೆದುರಿನ ತೋಟದಪ್ಪನವರ ಛತ್ರದ ಹತ್ತಿರ ಬಂದಾಗ ಮಧ್ಯಾಹ್ನ ಎರಡು. ಒಂದು ಓಣಿಯಲ್ಲಿ ಗಾಡಿ ನಿಲ್ಲಿಸಿ, ನಾಯಿಗಳಿಗೆ ನೀರು ಕೊಡೋಣವೆಂದು ಹಿಂದಿನ ಬಾಗಿಲು ಎತ್ತಿದೆ. ಕಾಳುವನ್ನು ಕಟ್ಟಿದ್ದೆ. ಬೊಗ್ಗನನ್ನು ಕಟ್ಟಿರಲಿಲ್ಲ. ಹನ್ನೊಂದು ವರ್ಷ ನನ್ನ ಹಿಂದೆಯೇ ನಡೆದವನನ್ನು ಕಟ್ಟುವುದು ಯಾಕೆ ಎಂಬ ಭಾವನೆ.

ಬಸ್ಸೊಂದು ಕಿವಿಯ ಹತ್ತಿರವೇ ಹಾರ್ನ್ ಹೊಡೆಯಿತು. ಬೊಗ್ಗ ಜಿಗಿದ. ಎರಡು ಆಟೋಗಳ ನಡುವೆ ಅವನ ಬಾಲ ಕಂಡದ್ದೇ ಕೊನೆ.

ತೋಟದಲ್ಲಿ ನಾಯಿ ತಪ್ಪಿದರೆ ಕೂ ಹಾಕಿ ಕರೆಯುತ್ತೇವೆ. ಮೆಜೆಸ್ಟಿಕ್‌ನಲ್ಲಿ ಕೂ ಹಾಕಿದರೆ ಯಾರಿಗೆ ಕೇಳುತ್ತದೆ? ಆದರೂ ಹಾಕಿದೆ. ನಾಲ್ಕು ಜನ ತಿರುಗಿ ನೋಡಿದರು. ಹೆಂಡತಿ ಗಾಡಿಯಲ್ಲಿ ಕೂತು ಅಳುವ ಮಗಳನ್ನು ಸಮಾಧಾನ ಮಾಡುತ್ತಿದ್ದಳು. ಭಾವಮೈದ ಬಸ್ಸಿಳಿದು ಬಂದವನು ಬ್ಯಾಗು ಎಸೆದು ಒಂದು ದಿಕ್ಕಿಗೆ ಓಡಿದ, ನಾನು ಇನ್ನೊಂದು ದಿಕ್ಕಿಗೆ. ಪೌರಕಾರ್ಮಿಕ ಹೆಂಗಸರು, ಹೂ ಕಟ್ಟುವವರು, ಆಟೋದವರು ಎಲ್ಲರನ್ನೂ ಕೇಳಿದೆ. "ಯಾವ ಬಣ್ಣ?" ಎನ್ನುತ್ತಾರೆ. ಕಂದು ಬಣ್ಣ ಎಂದರೆ ಅಲ್ಲೇ ಹತ್ತು ಕಂದು ನಾಯಿ ತೋರಿಸುತ್ತಾರೆ. ಕುತ್ತಿಗೆಯಲ್ಲಿ ಪಟ್ಟಿ ಇತ್ತು. ಫೋನ್ ನಂಬರ್ ಬರೆದಿರಲಿಲ್ಲ. ಅಮ್ಮನಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಈ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಅದರ ದಂಡೆಯಲ್ಲಿದ್ದ ಅಣ್ಣಮ್ಮನ ಗುಡಿ ಈಗಲೂ ಇದೆ. ಎರಡು ಗಂಟೆ ಸುತ್ತಿ ಸೋತು ಆ ಗುಡಿಯ ಕಡೆಗೆ ಬಂದಾಗ ಎಳನೀರಿನ ತಳ್ಳುಗಾಡಿಯೊಂದು ಕಂಡಿತು. ಗಾಡಿಯ ಕೆಳಗೆ ಬುರುಡೆಗಳ ರಾಶಿ, ಅದರ ಮೇಲೆ ಹೊದಿಸಿದ ತೆಂಗಿನ ಗರಿ. ಗರಿಯ ಮೇಲೆ ಬೊಗ್ಗ.

"ನಿಮ್ದಾ ಸಾ ಇದು? ಬೀದಿನಾಯಿಗೋಳು ಅಟ್ಕೊಂಡ್ ಬಂದ್ವು. ನಾನೇ ದೊಣ್ಣೆ ಎತ್ತಿ ಓಡಿಸ್ದೆ. ಒಂದ್ ಬುಂಡೆ ನೆಕ್ಕ್ಬುಟ್ಟು ಮನಿಕ್ಕಂತು," ಎಂದರು ಎಳನೀರಿನವರು. ಮದ್ದೂರಿನ ಕಡೆಯವರಂತೆ, ಅವರಿಗೂ ಅರ್ಧ ಎಕರೆ ತೋಟ ಇದೆಯಂತೆ. ತೋಟದ ನಾಯಿಗೆ ಆ ಇಡೀ ಮೆಜೆಸ್ಟಿಕ್‌ನಲ್ಲಿ ಪರಿಚಯದ ವಾಸನೆ ಅಂತ ಇದ್ದದ್ದು ಅದೊಂದೇ ಇರಬೇಕು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಆರು ಎಳನೀರು ಕುಡಿದೆವು, ಅದಕ್ಕೆ ಮಾತ್ರ ತೆಗೆದುಕೊಂಡರು.

ಬೊಗ್ಗನ ಕಿವಿ ಹರಿದಿತ್ತು. ಅಲ್ಲೇ ಸಾಬೂನು ನೀರಿನಲ್ಲಿ ಕಾಲು ಗಂಟೆ ತೊಳೆದು, ನೇರ ಕ್ವೀನ್ಸ್ ರಸ್ತೆಯ ಸರಕಾರಿ ಪಶು ಆಸ್ಪತ್ರೆಗೆ ಕರೆದೊಯ್ದೆವು. ಲಸಿಕೆ ಆದ ನಾಯಿಯೇ ಆದರೂ ಬೇರೆ ನಾಯಿ ಕಚ್ಚಿದರೆ ಕೂಡಲೇ ಮತ್ತೊಂದು ಚುಚ್ಚಬೇಕು, ನಲವತ್ತೈದು ದಿನ ಕಣ್ಣಿಟ್ಟಿರಬೇಕು ಎಂಬುದು ನನಗೆ ಅಲ್ಲಿ ಗೊತ್ತಾಯಿತು. ಮನುಷ್ಯರಿಗೆ ಕಚ್ಚಿದರೂ ಮೊದಲ ಕೆಲಸ ಹೀಗೆ ತೊಳೆಯುವುದೇ. ಅರಸಿನ, ಸುಣ್ಣ ಮೆತ್ತುವುದಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಹೋಯಿತು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮಕ್ಕೆ ಕೊಡುತ್ತಾರೆ: ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯ ಆಳವಾಗಿದ್ದರೆ ಗಾಯಕ್ಕೇ ಬೇರೆ ಮದ್ದೂ ಇದೆ, ಕೇಳಿ ಹಾಕಿಸಿಕೊಳ್ಳಿ.

ಅಣ್ಣನ ಮನೆ ಸೇರುವಾಗ ಕತ್ತಲೆಯಾಗಿತ್ತು. ಅಮ್ಮ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮಗಳು ಅಜ್ಜಿಯನ್ನು ನೋಡಿದವಳೇ ತಾಯಿಯ ಸೆರಗಿನ ಹಿಂದೆ ಅಡಗಿದಳು. ಕರೆದರೂ ಇಲ್ಲ, ಬಾಳೆಹಣ್ಣು ತೋರಿಸಿದರೂ ಇಲ್ಲ. ಅಮ್ಮನ ಮುಖ ಸಣ್ಣದಾಯಿತು. ಅಷ್ಟರಲ್ಲಿ ಬೊಗ್ಗ ಕಿವಿಯ ಪಟ್ಟಿಯ ಸಮೇತ ಒಳಬಂದು, ಯಾರನ್ನೂ ಕೇಳದೆ, ಮಂಚದ ಅಂಚಿಗೆ ಗಲ್ಲ ಇಟ್ಟು ನಿಂತ.

"ತೋಟ ಬಿಟ್ಟು ಯಾಕೆ ಬಂದೆ ನೀನು?" ಎಂದು ಅಮ್ಮ ಗದರಿದರು. ಬಾಲ ನೆಲಕ್ಕೆ ಬಡಿಯುವ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಮಗಳು ಸೆರಗು ಬಿಟ್ಟು ಮೆಲ್ಲನೆ ಬಂದು ಬೊಗ್ಗನ ಪಕ್ಕ ನಿಂತಳು. ಅವನಷ್ಟೇ ಎತ್ತರಕ್ಕೆ ಗಲ್ಲವನ್ನು ಮಂಚಕ್ಕೆ ಇಟ್ಟಳು. ಅಮ್ಮ ಒಂದು ಕೈ ಅವನ ತಲೆಗೆ, ಒಂದು ಕೈ ಇವಳ ತಲೆಗೆ ಇಟ್ಟರು.

ಮೂರು ದಿನ ಇದ್ದೆವು. ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಸಿಕ್ಕಿತು. ನಾಯಿಗಳನ್ನು ಆ ಜನಸಂದಣಿಗೆ ಒಯ್ಯುವ ಧೈರ್ಯವಿರಲಿಲ್ಲ. ತಂದ ಕಡಲೆಕಾಯಿಯನ್ನು ಕಾಳು ಸಿಪ್ಪೆ ಸಮೇತ ತಿಂದ. ಹೋಗಿ ಬರಲು 46 ಲೀಟರ್ ಪೆಟ್ರೋಲು. ತಿರುಗಿ ಬರುವಾಗ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಮಾಡಿ, ಬಿಳಿ ಬಣ್ಣದಲ್ಲಿ ನಂಬರ್ ಬರೆದು ಎರಡಕ್ಕೂ ಕಟ್ಟಿದ್ದೆ. ನೀರಿಗೆ ಬಿದ್ದರೂ ಹೋಗುವುದಿಲ್ಲ, ಇನ್ನೂ ಇದೆ. ನಲವತ್ತೈದು ದಿನವೂ ಕಳೆಯಿತು, ಬೊಗ್ಗ ಆರಾಮ.

ಅಮ್ಮ ಈಗ ಕೋಲು ಹಿಡಿದು ಹತ್ತು ಹೆಜ್ಜೆ ನಡೆಯುತ್ತಾರಂತೆ. ವಿಷುವಿಗೆ ಊರಿಗೆ ಬರುವುದಾಗಿ ಹಟ. ಸೊಂಟದ ಶಸ್ತ್ರಚಿಕಿತ್ಸೆ ಆದವರನ್ನು ಘಾಟಿಯ ದಾರಿಯಲ್ಲಿ ಇಷ್ಟು ದೂರ ಕರೆತಂದ ಅನುಭವ ಯಾರಿಗಾದರೂ ಇದ್ದರೆ, ಸೀಟನ್ನು ಹೇಗೆ ಹೊಂದಿಸಿಕೊಂಡಿರಿ, ಎಷ್ಟು ಹೊತ್ತಿಗೊಮ್ಮೆ ಇಳಿಸಿದಿರಿ ಎಂದು ದಯವಿಟ್ಟು ಬರೆಯಿರಿ.